ಏರ್‌ಪೋರ್ಟ್ ಹತ್ರ ಡ್ರೋನ್: ಹಾರಿಸೋ ಮುಂಚೆ ನೆಲದ ಮೇಲೇ ಮುಗಿಸ್ಬೇಕಾದ ಕೆಲಸಗಳು

ಮದುವೆ ಶೂಟಿಂಗ್‌ಗೆ, ರೀಲ್ಸ್‌ಗೆ, ಲೇಔಟ್ ಸರ್ವೆಗೆ, ಅಡಿಕೆ ತೋಟಕ್ಕೆ ಔಷಧಿ ಹೊಡೆಯೋಕೆ, ಇಲ್ಲಾ ಸುಮ್ನೆ ಖುಷಿಗೆ ಅಂತ ಡ್ರೋನ್ ಇಟ್ಕೊಂಡಿರೋರು ಈಗ ತಾಲ್ಲೂಕು ತಾಲ್ಲೂಕಲ್ಲೂ ಸಿಗ್ತಾರೆ. ಇದನ್ನ ಅವರಿಗೋಸ್ಕರನೇ ಬರೀತಿದೀನಿ, ಅದರಲ್ಲೂ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಕಲಬುರಗಿ, ಮೈಸೂರು ಈ ಕಡೆ ಏರ್‌ಪೋರ್ಟ್ ಆಸುಪಾಸಲ್ಲಿ ಕೆಲಸ ಮಾಡೋರಿಗೆ. ನಾನು ಹೇಳೋದು ಒಂದೇ ವಿಷಯ: ವಿಮಾನನೂ ಡ್ರೋನೂ ಆಕಾಶದಲ್ಲಿ ಎದುರಾದ ಮೇಲೆ ತಪ್ಪಿಸೋಕೆ ಪೈಲಟ್ ಕೈಲೂ ಆಗಲ್ಲ, ನಿಮ್ಮ ಕೈಲೂ ಆಗಲ್ಲ, ಆದ್ದರಿಂದ ತಪ್ಪಿಸೋ ಕೆಲಸ ಪೂರ್ತಿ ಡ್ರೋನ್ ನೆಲದ ಮೇಲಿರುವಾಗಲೇ ಮುಗೀಬೇಕು. ಎಲ್ಲಿ ನಿಂತ್ಕೊಂಡು ಹಾರಿಸ್ತೀರಿ, ಏನು ಸೆಟ್ಟಿಂಗ್ ಮಾಡಿರ್ತೀರಿ, ಯಾರನ್ನ ಕೇಳಿರ್ತೀರಿ ಅನ್ನೋದರಲ್ಲೇ ಎಲ್ಲ ತೀರ್ಮಾನ ಆಗೋಗಿರತ್ತೆ.

ಪೈಲಟ್ ನೋಡಿ ಪಕ್ಕಕ್ಕೆ ತಿರುಗಿಸ್ಕೊಳ್ಳಲ್ವಾ?

ತುಂಬಾ ಜನ ಹೀಗೇ ಅಂದ್ಕೊಂಡಿದಾರೆ, ಅದಕ್ಕೆ ಮೊದಲು ಇದರ ಲೆಕ್ಕ ನೋಡೋಣ. ಲ್ಯಾಂಡ್ ಆಗೋಕೆ ಬರ್ತಿರೋ ಏರ್‌ಬಸ್ 320 ಅಥವಾ ಬೋಯಿಂಗ್ 737 ಹೆಚ್ಚುಕಮ್ಮಿ ಗಂಟೆಗೆ 260 ಕಿ.ಮೀ. ವೇಗದಲ್ಲಿರತ್ತೆ, ಅಂದ್ರೆ ಒಂದು ಸೆಕೆಂಡಿಗೆ 72 ಮೀಟರ್. ಎದುರಿಗೆ ಏನೋ ಇದೆ ಅಂತ ಕಣ್ಣಿಗೆ ಬಿದ್ದು, ಅದು ಏನು ಅಂತ ಗೊತ್ತಾಗಿ, ಡಿಕ್ಕಿ ಆಗತ್ತೆ ಅಂತ ಅರ್ಥ ಆಗಿ, ಕೈ ಆಡಿ, ವಿಮಾನ ನಿಜವಾಗಿ ಪಕ್ಕಕ್ಕೆ ಸರಿಯೋ ಹೊತ್ತಿಗೆ ಸುಮಾರು 12.5 ಸೆಕೆಂಡ್ ಬೇಕು ಅಂತ ವಿಮಾನಯಾನದಲ್ಲಿ ಲೆಕ್ಕ ಇಟ್ಕೊಂಡಿದಾರೆ. ಅಷ್ಟು ಹೊತ್ತಲ್ಲಿ ವಿಮಾನ 900 ಮೀಟರ್ ಬಂದಿರತ್ತೆ. ಈಗ 35 ಸೆಂಟಿಮೀಟರ್ ಅಗಲದ ಒಂದು ಡ್ರೋನ್‌ನ 900 ಮೀಟರ್ ದೂರದಲ್ಲಿ ಇಟ್ಟು ನೋಡಿ, ಮನುಷ್ಯನ ಕಣ್ಣು ಬೇರೆ ಮಾಡಿ ನೋಡಬಲ್ಲ ಅತಿ ಚಿಕ್ಕ ಚುಕ್ಕಿಗಿಂತ ಒಂಚೂರು ದೊಡ್ಡದು ಅಷ್ಟೇ, ಅದೂ ಬಿಳಿ ಅಥವಾ ಬೂದು ಬಣ್ಣದ್ದು, ಮೋಡದ ಹಿನ್ನೆಲೆಯಲ್ಲಿ, ಮೇಲಾಗಿ ಆ ಹೊತ್ತಲ್ಲಿ ಪೈಲಟ್ ಕಣ್ಣು ಅರ್ಧ ರನ್‌ವೇ ಮೇಲೆ, ಅರ್ಧ ಕಾಕ್‌ಪಿಟ್ ಡಯಲ್‌ಗಳ ಮೇಲೆ ಇರತ್ತೆ. ಕಾಣೋ ಅಷ್ಟು ದೊಡ್ಡದಾಗೋ ಹೊತ್ತಿಗೆ ಉಳಿಯೋದು ಮೂರೋ ನಾಲ್ಕೋ ಸೆಕೆಂಡ್. ರನ್‌ವೇ ಕಡೆ ಇಳೀತಿರೋ, ನೂರೈವತ್ತು ಜನ ಕೂತಿರೋ ವಿಮಾನನ ನಾಲ್ಕು ಸೆಕೆಂಡಲ್ಲಿ ಜರ್ಕ್ ಹೊಡೆಸೋಕೆ ಆಗಲ್ಲ, ಮಾಡೋಕೂ ಬಾರದು.

ಯಂತ್ರಗಳಾದ್ರೂ ಹಿಡಿಯತ್ತಾ ಅಂದ್ರೆ ಅದೂ ಇಲ್ಲ. ವಿಮಾನಗಳಲ್ಲಿರೋ ಟಿಕಾಸ್ ಅನ್ನೋ ಡಿಕ್ಕಿ ತಪ್ಪಿಸೋ ವ್ಯವಸ್ಥೆ ಇನ್ನೊಂದು ವಿಮಾನದ ಟ್ರಾನ್ಸ್‌ಪಾಂಡರ್, ಅಂದ್ರೆ ರೇಡಿಯೋ ಸಿಗ್ನಲ್‌ಗೆ ತಾನೇ ಉತ್ತರ ಕೊಡೋ ಸಾಧನ, ಕೊಡೋ ಉತ್ತರ ಕೇಳಿ ಕೆಲಸ ಮಾಡತ್ತೆ, ನಮ್ಮ ನಿಮ್ಮ ಡ್ರೋನಲ್ಲಿ ಟ್ರಾನ್ಸ್‌ಪಾಂಡರ್ ಇರಲ್ಲ, ಹಾಗಾಗಿ ಟಿಕಾಸ್ ಮಟ್ಟಿಗೆ ಅಲ್ಲಿ ಏನೂ ಇಲ್ಲ. ಏರ್‌ಪೋರ್ಟ್ ರೇಡಾರ್ ಕೂಡ ದೊಡ್ಡ ವಿಮಾನ ನೋಡೋಕೆ ಇರೋದು, ಹಕ್ಕಿ ಗಾತ್ರದ ನಿಧಾನವಾಗಿ ಓಡಾಡೋ ವಸ್ತುಗಳು ಅದರಲ್ಲಿ ಸಾಮಾನ್ಯವಾಗಿ ಕಾಣ್ಸಲ್ಲ ಅಥವಾ ಕಸ ಅಂತ ಸೋಸಿ ಹೋಗತ್ತೆ. ನಿಮ್ಮ ಕಡೆಯಿಂದ ನೋಡಿದ್ರೂ ಅಷ್ಟೇ, ನೀವು ಸ್ಕ್ರೀನ್ ನೋಡ್ತಿರ್ತೀರಿ, ಕ್ಯಾಮೆರಾ ಮದುಮಗಳ ಕಡೆ ತಿರುಗಿರತ್ತೆ, ಬೆನ್ನ ಹಿಂದಿಂದ ಬರೋ ವಿಮಾನದ ಸದ್ದು ಡಿಜೆ ಸೌಂಡಲ್ಲಿ ಕೇಳಿಸೋದೇ ಇಲ್ಲ.

ತಾಗಿದ್ರೆ ಏನಾಗತ್ತೆ

ಡ್ರೋನ್ ಹಗುರ, ವಿಮಾನ ಅಷ್ಟು ದೊಡ್ಡದು, ಏನಾಗತ್ತೆ ಬಿಡಿ ಅನ್ನೋ ಮಾತು ಕೇಳಿರ್ತೀರಿ. ಇಲ್ಲಿ ಲೆಕ್ಕಕ್ಕೆ ಬರೋದು ಡ್ರೋನ್ ವೇಗ ಅಲ್ಲ, ವಿಮಾನದ ವೇಗ. ಡ್ರೋನ್ ಅಲ್ಲಾಡದೆ ನಿಂತಿದ್ರೂ ವಿಮಾನದ ಲೆಕ್ಕದಲ್ಲಿ ಅದು 260 ಕಿ.ಮೀ. ವೇಗದಲ್ಲಿ ಬಂದು ಹೊಡೆದ ಹಾಗೇನೇ, ವೇಗ ಎರಡರಷ್ಟಾದ್ರೆ ಹೊಡೆತದ ಶಕ್ತಿ ನಾಲ್ಕರಷ್ಟಾಗತ್ತೆ. 2018ರಲ್ಲಿ ಅಮೆರಿಕದ ಯೂನಿವರ್ಸಿಟಿ ಆಫ್ ಡೇಟನ್ ಸಂಶೋಧನಾ ಸಂಸ್ಥೆಯವರು ಒಂದು ಕೆಜಿಗೂ ಕಮ್ಮಿ ತೂಕದ ಡಿಜೆಐ ಫ್ಯಾಂಟಮ್ 2 ಡ್ರೋನನ್ನ ಗಂಟೆಗೆ 238 ಮೈಲಿ ವೇಗದಲ್ಲಿ ಒಂದು ಸಣ್ಣ ಮೂನಿ ವಿಮಾನದ ರೆಕ್ಕೆಗೆ ಹಾರಿಸಿ ಹೊಡೆದು ನೋಡಿದ್ರು. ಡ್ರೋನ್ ಪುಡಿ ಆಗಿ ಉದುರ್ಲಿಲ್ಲ, ರೆಕ್ಕೆಯ ಮುಂಭಾಗ ಸೀಳ್ಕೊಂಡು ಒಳಗೆ ಹೋಗಿ ರೆಕ್ಕೆಯ ಭಾರ ಹೊರೋ ಮುಖ್ಯ ತೊಲೆಗೇ ಪೆಟ್ಟು ಮಾಡಿತ್ತು. ಅದೇ ತೂಕಕ್ಕೆ ಹತ್ರದ ಜೆಲ್ ಹಕ್ಕಿಯಿಂದ, ಅಂದ್ರೆ ಟೆಸ್ಟ್‌ಗೆ ಹಕ್ಕಿ ಬದಲು ಬಳಸೋ ಜೆಲ್ ಮುದ್ದೆಯಿಂದ, ಹೊಡೆದಾಗ ರೆಕ್ಕೆಯ ಮುಂಭಾಗ ಜಾಸ್ತಿನೇ ಜಜ್ಜಿ ಹೋಯ್ತು ಆದ್ರೆ ಅಷ್ಟು ಆಳಕ್ಕೆ ಹೋಗ್ಲಿಲ್ಲ. ಅಷ್ಟು ವೇಗ ಇಟ್ಟು ಟೆಸ್ಟ್ ಮಾಡಿದ್ದು ಸರಿಯಲ್ಲ ಅಂತ ಡಿಜೆಐ ಕಂಪನಿ ಆಕ್ಷೇಪ ಎತ್ತಿತ್ತು, ಅದನ್ನೂ ಹೇಳ್ಬೇಕು. ಆದ್ರೆ ಅದಕ್ಕೂ ಹಿಂದಿನ ವರ್ಷ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಗಾಗಿ ಕೆಲವು ಯೂನಿವರ್ಸಿಟಿಗಳು ಸೇರಿ ಮಾಡಿದ ಅಧ್ಯಯನದಲ್ಲೂ ಅದೇ ಮಾತೇ ಬಂದಿದ್ದು, ಒಂದೇ ತೂಕದ ಹಕ್ಕಿಗಿಂತ ಡ್ರೋನ್ ಜಾಸ್ತಿ ಹಾನಿ ಮಾಡತ್ತೆ ಅಂತ. ಕಾರಣ ಸರಳ. ಹಕ್ಕಿ ಮೈಯಲ್ಲಿ ಬಹುಪಾಲು ನೀರು, ಬಡಿದಾಗ ಹರಡ್ಕೊಂಡು ಹೋಗತ್ತೆ. ಡ್ರೋನಲ್ಲಿ ಮೋಟರ್, ಬ್ಯಾಟರಿ, ಕ್ಯಾಮೆರಾ ಇವು ಗಟ್ಟಿ ಮುದ್ದೆಗಳು, ಹರಡಲ್ಲ, ನುಗ್ಗತ್ತೆ. ಲಿಥಿಯಂ ಬ್ಯಾಟರಿ ಒಳಗೆ ಸಿಕ್ಕಾಕ್ಕೊಂಡು ಜಜ್ಜಿ ಹೋದ್ರೆ ಬೆಂಕಿ ಭಯ ಬೇರೆ.

ಹಕ್ಕಿ ಏನೂ ಸಣ್ಣ ವಿಷಯ ಅಲ್ಲ ಅಂತ 2009ರ ಜನವರಿ 15ರಂದು ನ್ಯೂಯಾರ್ಕಲ್ಲಿ ಗೊತ್ತಾಯ್ತಲ್ಲ, ಹೆಬ್ಬಾತುಗಳ ಹಿಂಡು ಎರಡೂ ಎಂಜಿನ್‌ಗೆ ನುಗ್ಗಿ 155 ಜನ ಇದ್ದ ವಿಮಾನ ಹಡ್ಸನ್ ನದಿ ಮೇಲೆ ಇಳೀಬೇಕಾಯ್ತು. ನಮ್ಮಲ್ಲೂ ಯಲಹಂಕದಲ್ಲಿ ಏರೋ ಇಂಡಿಯಾ ಬಂದ್ರೆ ಸುತ್ತಮುತ್ತ ಕಿಲೋಮೀಟರ್‌ಗಟ್ಟಲೆ ಮಾಂಸದ ಅಂಗಡಿ ಮುಚ್ಚಿಸ್ತಾರೆ, ಹದ್ದುಗಳು ಬರ್ಬಾರ್ದು ಅಂತ. ಅಷ್ಟು ಜನರ ವಾರಗಟ್ಟಲೆ ವ್ಯಾಪಾರ ನಿಲ್ಲಿಸಿ ಹಕ್ಕಿ ದೂರ ಇಡ್ತಿರೋ ಜಾಗದಲ್ಲಿ ನಾವು ಮೋಟರ್ ಬ್ಯಾಟರಿ ಇರೋ ಹಕ್ಕಿನ ಬಿಡ್ಬಾರ್ದು. ಎಂಜಿನ್‌ಗಳನ್ನ ಹಕ್ಕಿ ನುಂಗಿಸಿ ಟೆಸ್ಟ್ ಮಾಡೇ ಸರ್ಟಿಫಿಕೇಟ್ ಕೊಡೋದು, ಡ್ರೋನ್ ನುಂಗಿಸಿ ಅಲ್ಲ.

ನಿಜವಾಗಿ ಆಗಿರೋದು ಏನೇನು ಅಂದ್ರೆ, 2017ರ ಅಕ್ಟೋಬರ್ 12ರಂದು ಕೆನಡಾದ ಕ್ವಿಬೆಕ್ ಸಿಟಿಯಲ್ಲಿ ಇಳಿಯೋಕೆ ಬರ್ತಿದ್ದ ಸ್ಕೈಜೆಟ್ ಕಂಪನಿಯ ಕಿಂಗ್ ಏರ್ ವಿಮಾನಕ್ಕೆ ಸುಮಾರು 1,500 ಅಡಿ ಎತ್ತರದಲ್ಲಿ ಡ್ರೋನ್ ತಾಗಿತು, ಒಳಗೆ 8 ಜನ ಇದ್ರು, ರೆಕ್ಕೆಗೆ ಸಣ್ಣ ಪೆಟ್ಟು ಬಿದ್ದು ಕ್ಷೇಮವಾಗಿ ಇಳಿದ್ರು. 2025ರ ಜನವರಿ 9ರಂದು ಲಾಸ್ ಏಂಜಲೀಸ್‌ನ ಕಾಡ್ಗಿಚ್ಚಿನ ಹೊತ್ತಲ್ಲಿ ಬೆಂಕಿ ಆರಿಸ್ತಿದ್ದ ದೊಡ್ಡ ನೀರಿನ ವಿಮಾನದ ರೆಕ್ಕೆಗೆ ಒಬ್ಬರ ಡ್ರೋನ್ ಬಡಿದು ಅಂದಾಜು 3 ಇಂಚು ಅಗಲ 6 ಇಂಚು ಉದ್ದದ ತೂತು ಬಿತ್ತು, ಊರು ಉರೀತಿರುವಾಗ ಆ ವಿಮಾನ ರಿಪೇರಿಗೆ ನಿಂತ್ಕೊಳ್ತು. ಆ ಮನುಷ್ಯ ಪಾರ್ಕಿಂಗ್ ಬಿಲ್ಡಿಂಗ್ ಮೇಲಿಂದ ಬಿಟ್ಟಿದ್ದು, ಬೆಂಕಿ ನೋಡೋಕೆ ಅಂತ ಸುಮಾರು ಎರಡೂವರೆ ಕಿಲೋಮೀಟರ್ ಕಳ್ಸಿದ್ದ, ಡ್ರೋನ್ ಅವನ ಕಣ್ಣಿಗೇ ಕಾಣ್ತಿರಲಿಲ್ಲ.

ಇಲ್ಲಿವರೆಗೆ ಹವ್ಯಾಸಿ ಡ್ರೋನ್ ಬಡಿದು ದೊಡ್ಡ ಪ್ಯಾಸೆಂಜರ್ ಜೆಟ್ ಬಿದ್ದಿರೋದು ಇಲ್ಲ. ಪೈಲಟ್‌ಗಳು ಕೊಡೋ ವರದಿ ಎಲ್ಲವೂ ಡ್ರೋನೇ ಆಗಿರಲ್ಲ, 2016ರ ಏಪ್ರಿಲಲ್ಲಿ ಹೀಥ್ರೂಗೆ ಬರ್ತಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನಕ್ಕೆ ಡ್ರೋನ್ ತಾಗಿತು ಅಂತ ಸುದ್ದಿ ಆಗಿ ಆಮೇಲೆ ಅದು ಪ್ಲಾಸ್ಟಿಕ್ ಕವರ್ ಇದ್ರೂ ಇರ್ಬಹುದು ಅಂತ ಅಲ್ಲಿನ ಮಂತ್ರಿನೇ ಹೇಳಿದ್ರು. ಆದ್ರೆ ಡಿಕ್ಕಿ ಆಗ್ಲೇಬೇಕು ಅಂತೇನಿಲ್ಲ, ಕಂಡಿದೆ ಅಂದ್ರೇ ಸಾಕು. 2018ರ ಡಿಸೆಂಬರ್ 19ರ ರಾತ್ರಿಯಿಂದ ಲಂಡನ್ ಪಕ್ಕದ ಗ್ಯಾಟ್ವಿಕ್ಕಲ್ಲಿ ಡ್ರೋನ್ ಕಂಡಿತು ಅನ್ನೋ ಕಾರಣಕ್ಕೆ ರನ್‌ವೇ ಮುಚ್ಚಿ ಸುಮಾರು 1,000 ವಿಮಾನ ರದ್ದೋ ಬೇರೆ ಕಡೆಗೋ ಹೋದ್ವು, 1,40,000 ಪ್ರಯಾಣಿಕರು ಕ್ರಿಸ್‌ಮಸ್ ಟೈಮಲ್ಲಿ ಒದ್ದಾಡಿದ್ರು, ಮಾಡಿದ್ದು ಯಾರು ಅಂತ ಇವತ್ತಿಗೂ ಸಿಕ್ಕಿಲ್ಲ. 2023ರ ನವೆಂಬರ್ 19ರಂದು ನಮ್ಮ ಇಂಫಾಲಲ್ಲೂ ಗುರುತು ಸಿಗದ ಹಾರೋ ವಸ್ತು ಕಂಡು ಮೂರು ಗಂಟೆಗೂ ಜಾಸ್ತಿ ಏರ್‌ಪೋರ್ಟ್ ನಿಂತಿತ್ತು. ಬೆಂಗಳೂರಲ್ಲಿ ಹಾಗಾದ್ರೆ ಬರ್ತಿರೋ ವಿಮಾನ ಎಲ್ಲ ಮೇಲೆ ಸುತ್ತು ಹೊಡೀಬೇಕು, ಇಂಧನ ಕಮ್ಮಿ ಆಗ್ತಿದ್ದ ಹಾಗೆ ಚೆನ್ನೈ, ಹೈದರಾಬಾದ್, ಕೊಯಮತ್ತೂರು ಅಂತ ಓಡ್ಬೇಕು, ಅದರೊಳಗೆ ಆಪರೇಷನ್‌ಗೆ ಅಂತ ಹೊರಟಿರೋರೂ ಇರ್ತಾರೆ ಮಣ್ಣಿಗೆ ಹೊರಟಿರೋರೂ ಇರ್ತಾರೆ.

ಮೊದಲ ಕೆಲಸ, ಮ್ಯಾಪ್ ನೋಡೋದು

ಬ್ಯಾಗಿಂದ ಡ್ರೋನ್ ತೆಗೆಯೋ ಮುಂಚೆ ಅಲ್ಲ, ಅಡ್ವಾನ್ಸ್ ಇಸ್ಕೊಳ್ಳೋ ಮುಂಚೆನೇ ಇದನ್ನ ಮಾಡಿ. ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಡಿಜಿಟಲ್ ಸ್ಕೈ ಅನ್ನೋ ಪೋರ್ಟಲ್ಲಲ್ಲಿ ಇಡೀ ದೇಶದ ಏರ್‌ಸ್ಪೇಸ್ ಮ್ಯಾಪ್ ಇದೆ, ನೋಡೋಕೆ ದುಡ್ಡಿಲ್ಲ. 2021ರ ಡ್ರೋನ್ ರೂಲ್ಸ್ ಪ್ರಕಾರ ಮೂರು ಬಣ್ಣ. ಹಸಿರಲ್ಲಿ 400 ಅಡಿವರೆಗೆ, ಅಂದ್ರೆ 120 ಮೀಟರ್, ಪ್ರತ್ಯೇಕ ಅನುಮತಿ ಬೇಡ. ಹಳದಿಯಲ್ಲಿ ಆ ಜಾಗದ ಏರ್ ಟ್ರಾಫಿಕ್ ಕಂಟ್ರೋಲ್ ನೋಡ್ಕೊಳ್ಳೋರ ಅನುಮತಿ ಬೇಕು. ಕೆಂಪಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ದೆ ರೆಕ್ಕೆ ತಿರುಗಿಸೋ ಹಾಗೇ ಇಲ್ಲ.

ಏರ್‌ಪೋರ್ಟ್ ವಿಷಯದಲ್ಲಿ ನೆನಪಿಡ್ಬೇಕಾದ ಅಂಕಿ 8 ಮತ್ತೆ 12. ಏರ್‌ಪೋರ್ಟ್ ಕಾಂಪೌಂಡಿಂದ 8 ಕಿ.ಮೀ. ಒಳಗೆ ನೆಲದಿಂದಲೇ ನಿರ್ಬಂಧ ಶುರು, ಅಲ್ಲಿ ಅನುಮತಿ ಇಲ್ದೆ ಹತ್ತಡಿ ಎತ್ತೋ ಹಾಗೂ ಇಲ್ಲ. 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ ಬಿಡ್ಬಹುದು, ಮೇಲಕ್ಕೆ ಹೋದ್ರೆ ಹಳದಿ. ಅಳತೆ ಶುರು ಆಗೋದು ಟರ್ಮಿನಲ್ ಬಾಗಿಲಿಂದ ಅಲ್ಲ, ಏರ್‌ಪೋರ್ಟ್‌ನ ಹೊರಗಿನ ಗಡಿಯಿಂದ, ಗೂಗಲ್ ಮ್ಯಾಪಲ್ಲಿ ರೋಡ್ ಲೆಕ್ಕ ಹಾಕ್ಬೇಡಿ, ನೇರ ಗೆರೆ ಎಳೀರಿ. ದೇವನಹಳ್ಳಿ, ಸಾದಹಳ್ಳಿ, ಚಿಕ್ಕಜಾಲ, ಬಾಗಲೂರು ಕಡೆಯ ಎಷ್ಟೋ ಕನ್ವೆನ್ಷನ್ ಹಾಲ್, ರೆಸಾರ್ಟ್, ಹೊಸ ಲೇಔಟ್ ಎಲ್ಲ ಆ 8ರ ಒಳಗೇ ಬರತ್ತೆ. ಬೆಂಗಳೂರಿನವರಿಗೆ ಇನ್ನೊಂದು ತಾಪತ್ರಯ ಅಂದ್ರೆ ಕೆಂಪೇಗೌಡ ಏರ್‌ಪೋರ್ಟ್ ಒಂದೇ ಅಲ್ಲ, ಎಚ್‌ಎಎಲ್ ಏರ್‌ಪೋರ್ಟ್ ಇನ್ನೂ ಓಡ್ತಿದೆ, ಯಲಹಂಕ ಏರ್ ಫೋರ್ಸ್ ಇದೆ, ಜಕ್ಕೂರಲ್ಲಿ ಹಾರಾಟ ಕಲಿಯೋರ ಸಣ್ಣ ವಿಮಾನಗಳು ಇವೆ. ಇಷ್ಟರ ವೃತ್ತ ಎಲ್ಲ ಹಾಕಿ ನೋಡಿದ್ರೆ ಊರಿನ ಬಹುದೊಡ್ಡ ಭಾಗ ಬಣ್ಣ ಹತ್ತಿರತ್ತೆ. ಅನುಮತಿ ಯಾರ ಹತ್ರ ಅನ್ನೋದೂ ಬೇರೆ ಬೇರೆ, ಎಚ್‌ಎಎಲ್ ಸುತ್ತ ಅವರೇ, ಯಲಹಂಕಕ್ಕೆ ಏರ್ ಫೋರ್ಸ್‌ನವರು.

ನಿನ್ನೆ ಹಸಿರಿತ್ತು ಅಂತ ಇವತ್ತು ನೋಡದೇ ಹಾರಿಸ್ಬೇಡಿ. ವಿಐಪಿ ಬಂದ್ರೆ, ದೊಡ್ಡ ಕಾರ್ಯಕ್ರಮ ಇದ್ರೆ ಎಸ್ಪಿ ದರ್ಜೆಗೆ ಕಮ್ಮಿ ಇಲ್ಲದ ಅಧಿಕಾರಿ ಒಂದು ಸಲಕ್ಕೆ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಘೋಷಿಸ್ಬಹುದು. ಹಾರಿಸೋ ಮುಂಚೆ ಮ್ಯಾಪ್ ನೋಡೋದು ರೂಲ್ ಪ್ರಕಾರ ನಿಮ್ಮ ಜವಾಬ್ದಾರಿ, ನೋಡ್ಲಿಲ್ಲ ಅನ್ನೋದು ನಡೆಯಲ್ಲ.

ಆ್ಯಪ್ ತಡೀಲಿಲ್ಲ, ಅಂದ್ರೆ ಪರವಾಗಿಲ್ಲ ಅಂತಾನೂ ಅಂದ್ಕೋಬೇಡಿ. ಮೊದಲು ಡಿಜೆಐ ಡ್ರೋನ್‌ಗಳು ಎಷ್ಟೋ ಏರ್‌ಪೋರ್ಟ್ ಹತ್ರ ತಾವೇ ಮೇಲೇಳ್ತಿರಲಿಲ್ಲ, 2025ರ ಜನವರಿಯಲ್ಲಿ ಅಮೆರಿಕದಲ್ಲಿ ಆ ಬೀಗ ತೆಗೆದು ಬರೀ ಎಚ್ಚರಿಕೆ ಸಂದೇಶ ತೋರ್ಸೋ ಹಾಗೆ ಮಾಡಿದ್ರು. ಕಂಪನಿಯ ಮ್ಯಾಪ್ ಬೇರೆ, ನಮ್ಮ ದೇಶದ ಮ್ಯಾಪ್ ಬೇರೆ. ಅದೇ ಥರ 250 ಗ್ರಾಂ ಒಳಗಿನ ನ್ಯಾನೊ ಡ್ರೋನ್‌ಗೆ ಏನೂ ಇಲ್ಲ ಅನ್ನೋ ಮಾತು ಅರ್ಧ ಸತ್ಯ. ನ್ಯಾನೊಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಡ, ಇನ್ಶೂರೆನ್ಸ್ ಬೇಡ, ಆದ್ರೆ ಬಣ್ಣದ ವಲಯಗಳು ಅದಕ್ಕೂ ಅಷ್ಟೇ ಅನ್ವಯ. ಅದಕ್ಕಿಂತ ಮೇಲೆ 2 ಕೆಜಿವರೆಗಿನ ಮೈಕ್ರೋ ಡ್ರೋನ್ ಖುಷಿಗೆ ಹಾರಿಸಿದ್ರೆ ಸರ್ಟಿಫಿಕೇಟ್ ಬೇಡ, ದುಡ್ಡಿಗೆ ಮದುವೆ ಶೂಟ್ ಮಾಡಿದ್ರೆ ಬೇಕು. ಇಲ್ಲಿ ಬಹಳ ಜನ ಎಡವೋದು.

400 ಅಡಿ ಅನ್ನೋದರ ಒಳಗಿರೋ ಮೋಸ

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ಒಳ್ಳೆ ಅನುಭವ ಇರೋರೂ ಇದನ್ನ ಯೋಚನೆ ಮಾಡಿರಲ್ಲ.

ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಲ್ಲಿ ಇಳಿಯತ್ತೆ. ಆ ಲೆಕ್ಕದಲ್ಲಿ ರನ್‌ವೇ ತುದಿಯಿಂದ 10 ಕಿ.ಮೀ. ದೂರದಲ್ಲಿ ಅದು ಸುಮಾರು 1,750 ಅಡಿ ಮೇಲಿರತ್ತೆ, 5 ಕಿ.ಮೀ.ಯಲ್ಲಿ 900 ಅಡಿ, 2 ಕಿ.ಮೀ.ಯಲ್ಲಿ ಹತ್ತಿರಹತ್ತಿರ 400 ಅಡಿ. ಅಂದ್ರೆ 5 ಕಿ.ಮೀ. ಆಚೆ 400 ಅಡಿಯಲ್ಲಿ ಇದ್ರೆ ಇನ್ನೂ 500 ಅಡಿ ಗ್ಯಾಪ್ ಇದೆಯಲ್ಲ, ಮತ್ತೆ 8 ಕಿ.ಮೀ. ರೂಲ್ ಯಾಕೆ ಅಂತ ಕೇಳ್ಬಹುದು. ಅದಕ್ಕೆ ಉತ್ತರ, ನಿಮ್ಮ ಡ್ರೋನ್ ಒಂದು ಸೆಕೆಂಡಿಗೆ 5 ಮೀಟರ್ ಏರತ್ತೆ, ರಿಮೋಟಿನ ಒಂದು ಸ್ಟಿಕ್ ಸಿಕ್ಕಾಕ್ಕೊಂಡ್ರೆ, ಒಂದು ಸೆಟ್ಟಿಂಗ್ ತಪ್ಪಿದ್ರೆ ಆ 500 ಅಡಿ ತುಂಬೋಕೆ ಅರ್ಧ ನಿಮಿಷ ಸಾಕು. ಅಷ್ಟೇ ಅಲ್ಲದೆ ಹೆಲಿಕಾಪ್ಟರ್, ಏರ್ ಆಂಬುಲೆನ್ಸ್, ಜಕ್ಕೂರಿನ ಟ್ರೇನಿಂಗ್ ವಿಮಾನ ಇವೆಲ್ಲ 3 ಡಿಗ್ರಿ ಗೆರೆ ಹಿಡ್ಕೊಂಡು ಬರಲ್ಲ, ಕೆಳಗೇ ಬರ್ತಾವೆ, ಪಕ್ಕದಿಂದ ಬರ್ತಾವೆ.

ಇನ್ನೊಂದು, ರಿಮೋಟ್ ಸ್ಕ್ರೀನಲ್ಲಿ ಕಾಣೋ ಎತ್ತರ ಸಾಮಾನ್ಯವಾಗಿ ಡ್ರೋನ್ ಎಲ್ಲಿಂದ ಮೇಲೆದ್ದಿತೋ ಆ ಜಾಗದಿಂದ ಲೆಕ್ಕ, ಡ್ರೋನ್ ಕೆಳಗೆ ಈಗ ಇರೋ ನೆಲದಿಂದ ಅಲ್ಲ. ಬಯಲಲ್ಲಿ ಎರಡೂ ಒಂದೇ, ಬೆಟ್ಟದಲ್ಲಿ ಅಲ್ಲ. ನಂದಿ ಬೆಟ್ಟನೇ ತಗೊಳ್ಳಿ. ತುದಿ ಸಮುದ್ರಮಟ್ಟದಿಂದ 1,478 ಮೀಟರ್, ಕೆಂಪೇಗೌಡ ಏರ್‌ಪೋರ್ಟ್ ಸುಮಾರು 915 ಮೀಟರ್, ನೇರ ದೂರ 20 ಕಿ.ಮೀ. ಸುಮಾರು. ತುದಿಯಿಂದ ಯಾರಾದ್ರೂ ಡ್ರೋನ್ ಎಬ್ಬಿಸಿ ಸ್ಕ್ರೀನಲ್ಲಿ 120 ಮೀಟರ್ ತೋರ್ಸ್ತಿದೆ ಅಂತ ನೆಮ್ಮದಿಯಾಗಿ ಬಂಡೆ ಅಂಚು ದಾಟಿಸಿ ಕಣಿವೆ ಕಡೆ ಕಳಿಸಿದ್ರೆ, ಅದು ರನ್‌ವೇ ಮಟ್ಟದಿಂದ 2,200 ಅಡಿಗೂ ಮೇಲಿರತ್ತೆ. ಏರ್‌ಪೋರ್ಟ್‌ಗೆ ಬರೋ ಹೋಗೋ ವಿಮಾನಗಳು ಓಡಾಡೋ ಎತ್ತರ ಅದು, ನಿಮ್ಮ ಸ್ಕ್ರೀನ್ ಮಾತ್ರ ಎಲ್ಲ ಸರಿ ಇದೆ ಅಂತಿರತ್ತೆ. ಮಂಗಳೂರಿನ ಬಜ್ಪೆ ಕಡೆಯೂ ಇದೇ ಯೋಚನೆ ಇರ್ಲಿ, ಅಲ್ಲಿ ರನ್‌ವೇ ಇರೋದೇ ಗುಡ್ಡದ ಮೇಲೆ, ಸುತ್ತ ಕಣಿವೆ, ಒಂದು ದಿಬ್ಬದಿಂದ ಎದ್ದ ಡ್ರೋನ್ ಕಣಿವೆ ಮೇಲೆ ಬಂದಾಗ ಅದರ ಎತ್ತರದ ಲೆಕ್ಕ ಪೂರ್ತಿ ಬದಲಾಗತ್ತೆ. ಬೆಟ್ಟದ ಮೇಲಿಂದ ಹಾರಿಸೋರು ಇಳಿಜಾರಿನ ಮೇಲೇ ಇಟ್ಕೊಳ್ಳಿ, ಅಂಚು ದಾಟಿಸಿದ್ರೆ ನೆಲ ಇಳಿದಷ್ಟೂ ಡ್ರೋನನ್ನೂ ಇಳಿಸಿ.

ಸೆಟ್ಟಿಂಗ್‌ಗಳು

ಗರಿಷ್ಠ ಎತ್ತರನ ಆ್ಯಪಲ್ಲೇ 120 ಮೀಟರ್‌ಗೆ ಲಾಕ್ ಮಾಡಿ, 8ರಿಂದ 12 ಕಿ.ಮೀ. ಒಳಗಿದ್ರೆ 60ಕ್ಕೆ. ದೂರದ ಮಿತಿನೂ ಹಾಕಿ, ಮದುವೆ ಶೂಟ್‌ಗೆ 150 ಮೀಟರ್ ಮೇಲೆ ಯಾಕೆ ಬೇಕು ಹೇಳಿ.

ರಿಟರ್ನ್ ಟು ಹೋಮ್ ಎತ್ತರ ಪ್ರತಿ ಜಾಗದಲ್ಲೂ ಹೊಸದಾಗಿ ನೋಡಿ. ಸಿಗ್ನಲ್ ಕಟ್ ಆದ್ರೆ ಡ್ರೋನ್ ಮೊದಲು ಈ ಎತ್ತರಕ್ಕೆ ಏರಿ ಆಮೇಲೆ ವಾಪಸ್ ಬರತ್ತೆ. ಹೋದ ವಾರ ಅಪಾರ್ಟ್‌ಮೆಂಟ್ ಶೂಟ್‌ಗೆ ಅಂತ 110 ಮೀಟರ್ ಇಟ್ಟಿದ್ದು ಹಾಗೇ ಉಳ್ಕೊಂಡಿದ್ರೆ, ಇವತ್ತು ಎರಡು ತೆಂಗಿನಮರ ಎತ್ತರದಲ್ಲಿ ಹಾರ್ತಿದ್ದ ಡ್ರೋನ್ ಸಿಗ್ನಲ್ ಹೋದ ತಕ್ಷಣ ನಿಮ್ಮನ್ನ ಕೇಳದೇ 110ಕ್ಕೆ ಏರತ್ತೆ. ಸುತ್ತ ಇರೋ ಅತಿ ಎತ್ತರದ ಮರ, ಟವರ್, ಬಿಲ್ಡಿಂಗ್ ನೋಡಿ ಅದಕ್ಕಿಂತ ಹತ್ತು ಹದಿನೈದು ಮೀಟರ್ ಜಾಸ್ತಿ ಇಟ್ರೆ ಸಾಕು. ಹೋಮ್ ಪಾಯಿಂಟ್, ಅಂದ್ರೆ ಡ್ರೋನ್ ವಾಪಸ್ ಬರ್ಬೇಕಾದ ಜಾಗ, ಸರಿಯಾಗಿ ರೆಕಾರ್ಡ್ ಆಯ್ತಾ ಅಂತ ಖಾತ್ರಿ ಆಗೋವರೆಗೆ ಎಬ್ಬಿಸ್ಬೇಡಿ, ಇಲ್ದಿದ್ರೆ ಹಿಂದಿನ ಊರಿನ ಕಡೆ ಹೊರಡೋಕೆ ನೋಡತ್ತೆ.

ಗಾಳಿ ಬಗ್ಗೆ ಒಂದು ಮಾತು. ನೆಲದಲ್ಲಿ ಎಲೆ ಅಲ್ಲಾಡ್ತಿಲ್ಲ ಅಂದ್ರೂ ನೂರು ಮೀಟರ್ ಮೇಲೆ ಬೇರೆನೇ ಇರತ್ತೆ, ಆಷಾಢದಲ್ಲಂತೂ ಕೇಳೋದೇ ಬೇಡ. ಜಿಪಿಎಸ್ ಕೈಕೊಟ್ಟು ಡ್ರೋನ್ ತೇಲೋಕೆ ಶುರು ಮಾಡಿತು ಅಂದ್ರೆ ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ ಹತ್ತು ನಿಮಿಷಕ್ಕೆ 6 ಕಿ.ಮೀ. ಹೋಗಿರತ್ತೆ. ಅದಕ್ಕೇ ನಾನು ಮ್ಯಾಪಲ್ಲಿ ಹಸಿರು ಇದ್ರೂ ಗಾಳಿ ಏರ್‌ಪೋರ್ಟ್ ಕಡೆ ಬೀಸ್ತಿದೆಯಾ ಅಂತ ನೋಡಿ ಅಂತೀನಿ. ಬೀಸ್ತಿದ್ರೆ, 12 ಕಿ.ಮೀ. ಗೆರೆ ಅಂಚಲ್ಲಿ ನಿಂತಿದ್ರೆ, ಆ ದಿನ ಎತ್ತರ ದೂರ ಎರಡೂ ಅರ್ಧಕ್ಕೆ ಇಳಿಸಿ.

ಜಾಗದಲ್ಲಿ ಬರೋ ಒತ್ತಡ

ರೂಲ್ ಗೊತ್ತಿಲ್ಲದೆ ತಪ್ಪು ಮಾಡೋರಿಗಿಂತ ಗೊತ್ತಿದ್ದೂ ಇಲ್ಲ ಅನ್ನೋಕಾಗದೆ ಮಾಡೋರು ಜಾಸ್ತಿ ಅಂತ ನನಗನ್ಸತ್ತೆ. ದೇವನಹಳ್ಳಿ ರೋಡಲ್ಲಿ ಕನ್ವೆನ್ಷನ್ ಹಾಲ್, ಮುಹೂರ್ತ ಮುಗ್ದು ಆರತಕ್ಷತೆ ಶುರು ಆಗೋ ಹೊತ್ತು, ಲೈಟಿಂಗ್ ಚೆನ್ನಾಗಿದೆ, ಹುಡುಗಿ ಸೋದರಮಾವ ಬಂದು "ಸಾರ್, ಮೇಲಿಂದ ಒಂದೇ ಒಂದು ಶಾಟ್, ಎರಡು ನಿಮಿಷ, ಯಾರು ನೋಡ್ತಾರೆ" ಅಂತಾರೆ, ತಲೆ ಮೇಲೆ ಎರಡು ನಿಮಿಷಕ್ಕೊಂದು ವಿಮಾನ ಚಕ್ರ ಬಿಟ್ಕೊಂಡು ಇಳೀತಿರತ್ತೆ. ಅಲ್ಲಿ ವಾದ ಮಾಡೋಕೆ ಹೋಗ್ಬೇಡಿ. ಫೋನಲ್ಲಿ ಮ್ಯಾಪ್ ತೆಗೆದು ಅವರಿಗೇ ತೋರ್ಸಿ, "ನೋಡಿ ಯಜಮಾನ್ರೇ, ನಾವು ನಿಂತಿರೋದು ಇಲ್ಲಿ, ಆ ವಿಮಾನದಲ್ಲೂ ನಮ್ಮ ಮದುವೆಗೆ ಬರೋರು ಇರ್ಬಹುದು, ಆಗಲ್ಲ" ಅಂತ ಹೇಳಿ. ಹಾಲಿನ ಟೆರೇಸ್ ಮೇಲಿಂದ, ಇಲ್ಲಾ ಉದ್ದ ಕೋಲಿಗೆ ಕ್ಯಾಮೆರಾ ಕಟ್ಟಿ ತೆಗೆದ್ರೂ ಅರ್ಧ ಕೆಲಸ ಆಗತ್ತೆ. ಬುಕಿಂಗ್ ಟೈಮಲ್ಲೇ ಕೊಟೇಶನಲ್ಲಿ "ಜಾಗ ಹಳದಿ ಅಥವಾ ಕೆಂಪು ವಲಯದಲ್ಲಿದ್ರೆ ಡ್ರೋನ್ ಶಾಟ್ ಇರೋದಿಲ್ಲ" ಅಂತ ಒಂದು ಸಾಲು ಬರೆದಿಡಿ, ಜಗಳನೇ ಬರಲ್ಲ.

ಹಸಿರು ಜಾಗದಲ್ಲೂ ಒಬ್ಬರೇ ಹಾರಿಸ್ಬೇಡಿ. ಅಸಿಸ್ಟೆಂಟ್ ಹುಡುಗನಿಗೆ ಬೇರೆ ಕೆಲಸ ಹೇಳದೆ, ಆಕಾಶ ನೋಡೋದು ಸದ್ದು ಕೇಳೋದು ಅಷ್ಟೇ ನಿನ್ನ ಕೆಲಸ ಅಂತ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ. ಡ್ರೋನ್ ಸ್ಕ್ರೀನಲ್ಲಿ ಅಲ್ಲ, ಬರಿಗಣ್ಣಿಗೆ ಕಾಣ್ತಿರ್ಬೇಕು, ಕಾಣದಷ್ಟು ದೂರ ಹೋಯ್ತು ಅಂದ್ರೆ ವಾಪಸ್ ತನ್ನಿ.

ವಿಮಾನನೋ ಹೆಲಿಕಾಪ್ಟರೋ ಬಂತು ಅಂದ್ರೆ ಯೋಚನೆ ಮಾಡ್ತಾ ನಿಲ್ಬೇಡಿ, ಕೆಳಗಿಳಿಸಿ. ಪಕ್ಕಕ್ಕೆ ಅಲ್ಲ, ಮೇಲಕ್ಕಂತೂ ಅಲ್ಲವೇ ಅಲ್ಲ, ಕೆಳಕ್ಕೆ, ಮರದ ಎತ್ತರಕ್ಕಿಂತ ಕೆಳಗೆ. ಅದು ಯಾವ ಕಡೆ ತಿರುಗತ್ತೆ ಅಂತ ನೆಲದಿಂದ ಅಂದಾಜು ಮಾಡೋಕಾಗಲ್ಲ. ಮನುಷ್ಯರಿರೋ ವಿಮಾನಕ್ಕೆ ಯಾವಾಗಲೂ ದಾರಿ ಬಿಡ್ಬೇಕು ಅಂತ ರೂಲಲ್ಲೂ ಇದೆ. ಆ ಶಾಟ್ ಹೋದ್ರೆ ಹೋಗ್ಲಿ.

ಡ್ರೋನ್ ಕೈತಪ್ಪಿ ಹೋದ್ರೆ

2017ರ ಸೆಪ್ಟೆಂಬರ್ 21ರ ಸಂಜೆ ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್ ಪಕ್ಕ ಅಮೆರಿಕದ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗೆ ಒಂದು ಫ್ಯಾಂಟಮ್ 4 ಬಡಿದಿತ್ತು, ರೋಟರ್ ಬ್ಲೇಡ್ ತಗ್ಗಾಗಿತ್ತು. ಹಾರಿಸ್ತಿದ್ದವರು ಎರಡೂವರೆ ಮೈಲಿ ದೂರದಲ್ಲಿ ನಿಂತು ಟ್ಯಾಬ್ಲೆಟ್ ನೋಡ್ತಿದ್ರು. ಸಿಗ್ನಲ್ ಹೋಯ್ತು, ಬರತ್ತೆ ಅಂತ ಕಾದ್ರು, ಬರ್ಲಿಲ್ಲ, ನೀರಿಗೆ ಬಿದ್ದಿರ್ಬೇಕು ಅಂತ ಮನೆಗೆ ಹೋದ್ರು. ತನಿಖೆಯವರು ಹೆಲಿಕಾಪ್ಟರಲ್ಲಿ ಸಿಕ್ಕಿದ ಒಂದು ಮೋಟರ್ ಚೂರಿನ ಮೇಲಿದ್ದ ಸೀರಿಯಲ್ ನಂಬರ್ ಹಿಡ್ಕೊಂಡು ಕಂಪನಿ ಮೂಲಕ ಅವರನ್ನ ಹುಡುಕಿ ಫೋನ್ ಮಾಡೋವರೆಗೆ ಡಿಕ್ಕಿ ಆಗಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ಹಾಗಾಗಿ ಡ್ರೋನ್ ಕಂಟ್ರೋಲ್ ತಪ್ಪಿ ಏರ್‌ಪೋರ್ಟ್ ಕಡೆ ಹೋಗ್ತಿದೆ ಅನ್ಸಿದ ತಕ್ಷಣ 112ಕ್ಕೆ ಫೋನ್ ಮಾಡಿ, ಏರ್‌ಪೋರ್ಟ್ ನಂಬರ್ ಇದ್ರೆ ಅಲ್ಲಿಗೂ ಮಾಡಿ. ಏರ್‌ಪೋರ್ಟ್ ಆಸುಪಾಸಿನ ಊರುಗಳಲ್ಲಿ ಕೆಲಸ ಮಾಡೋರು ಆ ನಂಬರ್ ಮೊದಲೇ ಸೇವ್ ಮಾಡಿಟ್ಕೊಳ್ಳಿ. ಕೊನೆಗೆ ಎಲ್ಲಿ ಕಂಡಿತು, ಎಷ್ಟು ಎತ್ತರ, ಯಾವ ದಿಕ್ಕು, ಬ್ಯಾಟರಿ ಇನ್ನೆಷ್ಟು ನಿಮಿಷ ಬರತ್ತೆ ಇಷ್ಟು ಹೇಳಿದ್ರೆ ಅವರು ಅಷ್ಟು ಹೊತ್ತು ವಿಮಾನಗಳನ್ನ ದೂರ ನಿಲ್ಲಿಸ್ಕೋಬಹುದು. ಕೇಸ್ ಆಗತ್ತೆ ಅಂತ ಹೆದರಿ ಸುಮ್ನಾಗ್ಬೇಡಿ. ಡ್ರೋನ್ ರೂಲ್ಸ್ ಮುರಿದ್ರೆ ದಂಡ ಹೆಚ್ಚೆಂದ್ರೆ 1 ಲಕ್ಷ, ಜನರ ಜೀವಕ್ಕೆ ಅಪಾಯ ಆದ್ರೆ ಬೇರೆ ಕಾನೂನು ಬೇರೆನೇ ಇವೆ, ಆದ್ರೆ ಆ ಹತ್ತು ನಿಮಿಷದಲ್ಲಿ ನೀವು ಹೇಳಿದ್ದರಿಂದ ತಪ್ಪೋ ಅನಾಹುತಕ್ಕೆ ಬೆಲೆ ಕಟ್ಟೋಕಾಗಲ್ಲ. ಅಪಘಾತ ಆಗಿದ್ರೆ 48 ಗಂಟೆ ಒಳಗೆ ಡಿಜಿಟಲ್ ಸ್ಕೈಯಲ್ಲಿ ವರದಿ ಕೊಡ್ಲೇಬೇಕು.

ತೋಟಕ್ಕೆ ಔಷಧಿ ಹೊಡೆಯೋ ಡ್ರೋನ್ ಇಟ್ಕೊಂಡಿರೋರು, ಉದಾಹರಣೆಗೆ ಶಿವಮೊಗ್ಗದ ಸೋಗಾನೆ ಸುತ್ತಮುತ್ತ, ನೀವು ಮರದ ಮೇಲೆ ಸ್ವಲ್ಪವೇ ಎತ್ತರದಲ್ಲಿ ಹಾರಿಸ್ತೀರಿ ನಿಜ, ಆದ್ರೆ ತುಂಬಿದ ಟ್ಯಾಂಕ್ ಸೇರಿ ಆ ಯಂತ್ರದ ತೂಕ ಮದುವೆ ಡ್ರೋನ್‌ಗಿಂತ ಎಷ್ಟೋ ಪಟ್ಟು, ಕೈತಪ್ಪಿದ್ರೆ ಅಪಾಯನೂ ಅಷ್ಟೇ ದೊಡ್ಡದು. ಅಲ್ಲಿ ಏರ್‌ಪೋರ್ಟ್ ಶುರು ಆಗಿದ್ದೇ 2023ರಲ್ಲಿ, ಮೊದಲು ಹೀಗೇ ಹೊಡೀತಿದ್ವಿ ಅನ್ನೋದು ಈಗ ಲೆಕ್ಕಕ್ಕೆ ಬರಲ್ಲ. ಸೀಸನ್ ಶುರು ಆಗೋ ಮುಂಚೆನೇ ತೋಟದ ಜಾಗ ಮ್ಯಾಪಲ್ಲಿ ನೋಡಿ ಅನುಮತಿಗೆ ಹಾಕಿ, ಮಳೆ ಬಿಡುವು ಕೊಟ್ಟ ದಿನ ಬಾಡಿಗೆ ಡ್ರೋನ್ ಕರೆಸ್ಕೊಂಡು ಆಮೇಲೆ ಓಡಾಡೋದಲ್ಲ. ಡ್ರೋನ್ ಬಾಡಿಗೆಗೆ ತರೋರ ಹತ್ರ ಪೈಲಟ್ ಸರ್ಟಿಫಿಕೇಟ್ ಕೇಳಿ ನೋಡಿ.

ಡ್ರೋನ್ ಇಲ್ಲದೋರಿಗೂ ಒಂದು ಕೆಲಸ ಇದೆ. ಏರ್‌ಪೋರ್ಟ್ ಹತ್ರ ಯಾರದೋ ಡ್ರೋನ್ ಹಾರ್ತಿರೋದು ಕಂಡ್ರೆ ಕಲ್ಲು ಹೊಡೆಯೋಕೆ, ಕಿತ್ಕೊಳ್ಳೋಕೆ ಹೋಗ್ಬೇಡಿ, ಅದು ಯಾರ ತಲೆ ಮೇಲೋ ಬೀಳತ್ತೆ, ಅನುಮತಿ ಇರೋ ಸರ್ವೆ ಡ್ರೋನ್ ಇದ್ರೂ ಇರ್ಬಹುದು. ಟೈಮ್, ನೀವು ನಿಂತಿರೋ ಜಾಗ, ಡ್ರೋನ್ ಯಾವ ದಿಕ್ಕಲ್ಲಿ ಎಷ್ಟು ಎತ್ತರ, ಎಷ್ಟು ರೆಕ್ಕೆ, ಲೈಟ್ ಇತ್ತಾ, ಹಾರಿಸೋರು ಕಾಣ್ತಿದ್ರೆ ಎಲ್ಲಿ ನಿಂತಿದಾರೆ, ಇಷ್ಟು ನೋಡ್ಕೊಂಡು 112ಕ್ಕೆ ಹೇಳಿ. ಮೊದಲು ಫೋನ್ ಕಾಲ್, ವಿಡಿಯೋ ಆಮೇಲೆ.